ಕಾರ್ಡಿನ ಬೆನ್ನು

ನಾನು ಕಾರ್ಡ್ ಮಾಡುತ್ತಿದ್ದೆ ಎಂದರೆ ಜನ ಕೇಳುವುದು, "ಆಧಾರ್ ಕಾರ್ಡಾ, ರೇಷನ್ ಕಾರ್ಡಾ?" ಒಬ್ಬರಂತೂ ಹೆಸರು ತಿದ್ದಿಸಬೇಕಿತ್ತೆಂದು ಚೀಲದಿಂದ ಕಾಗದಪತ್ರವನ್ನೇ ಹೊರಗೆ ತೆಗೆದಿದ್ದರು. ನಾನು ಮಾಡುತ್ತಿದ್ದದ್ದು ಚಿತ್ರದ ಕಾರ್ಡು. ಅಂಗೈಯಷ್ಟು ಅಗಲದ ದಪ್ಪ ಕಾಗದ, ಅದರ ಮೇಲೆ ಕುಂಚದಿಂದ ಬಿಡಿಸಿದ ಒಂದು ಮಲ್ಲಿಗೆ ದಂಡೆ, ಒಂದು ಚಹಾದ ಕಪ್ಪು, ಒಂದು ಕಿಟಕಿ. ಹಬ್ಬಕ್ಕೆ, ಹುಟ್ಟುಹಬ್ಬಕ್ಕೆ, ಏನೂ ಇಲ್ಲದಿದ್ದರೂ ಸುಮ್ಮನೆ ಯಾರಿಗಾದರೂ ಕೊಡಲು ಜನ ಕೊಳ್ಳುತ್ತಿದ್ದರು. ಹೈದರಾಬಾದಿನ ತಾರ್ನಾಕದಲ್ಲಿ ಕೂತು, ಮದುವೆಯಾದ ಹೊಸತರಿಂದ ಹೋದ ವರ್ಷದವರೆಗೆ ಇದೊಂದೇ ಕೆಲಸ ಮಾಡಿದೆ. ಈಗ ಹೆಬ್ಬೆರಳಿನ ಕೀಲು ಕುಂಚ ಹಿಡಿಯಲು ಒಪ್ಪುತ್ತಿಲ್ಲ, ಬಿಟ್ಟೆ.

ಬಿಟ್ಟ ಮೇಲೆ ಕಲಿಯಬೇಕೆನ್ನುವ ಹುಡುಗಿಯರು ಮನೆಗೆ ಬರತೊಡಗಿದ್ದಾರೆ. ಬಣ್ಣ ಹೇಗೆ ಕಲಸಬೇಕು, ಕಾಗದ ಹೇಗೆ ಕತ್ತರಿಸಬೇಕು ಎಂಬುದನ್ನು ಅವರು ಫೋನಿನಲ್ಲಿ ನೋಡಿ ನನಗಿಂತ ಚೆನ್ನಾಗಿ ಕಲಿತಿದ್ದಾರೆ. ಅದನ್ನು ಮತ್ತೆ ಬರೆದು ನಿಮ್ಮ ತಲೆ ತಿನ್ನುವುದಿಲ್ಲ. ಮಾರಿದ ಕಾರ್ಡು ಎಲ್ಲಿ ಹೋಗಿ ನಿಲ್ಲುತ್ತದೆ, ಅಲ್ಲಿ ಅದರ ಗತಿ ಏನಾಗುತ್ತದೆ ಎಂಬುದು ಯಾವ ಫೋನಿನಲ್ಲೂ ಸಿಗುವುದಿಲ್ಲ, ಅದನ್ನಷ್ಟೇ ಬರೆಯುತ್ತೇನೆ. ಕೊನೆಗೆ ಕೂಕಟ್‌ಪಲ್ಲಿಯ ಕಮಲಾಬಾಯಿಯವರ ವಿಷಯ ಬರುತ್ತದೆ. ಅವರು ತಮ್ಮ ಮನೆಯಲ್ಲಿ ಉಳಿಯುತ್ತಾರೋ, ಅವರನ್ನು ಕೇಳದೆಯೇ ಬೇರೆ ಊರಿಗೆ ಸಾಗಿಸಿಬಿಡುತ್ತಾರೋ ಎಂಬುದು ನನ್ನ ಕಾರ್ಡುಗಳ ತಲೆಗೆ ಬಂದಿತ್ತು. ಇಷ್ಟು ವರ್ಷದ ದುಡಿಮೆಯಲ್ಲಿ ಮರೆಯಲಾಗದ್ದು ಅದೊಂದೇ.

ನನ್ನನ್ನು ಕೆಲಸಕ್ಕೆ ಇಟ್ಟುಕೊಂಡವರು ನಫೀಸ್ ಆಪಾ. ಬೀದರದವರು. ವಿಶ್ವವಿದ್ಯಾಲಯದ ಗೇಟಿಗೆ ಹೋಗುವ ರಸ್ತೆಯಲ್ಲಿ ಒಂದು ಕಟ್ಟಡದ ಮೇಲಿನ ಮಹಡಿಯಲ್ಲಿ ಅವರ ಕಾರ್ಖಾನೆ. ಕಾರ್ಖಾನೆ ಎಂದರೆ ಎರಡು ಕೋಣೆ, ಒಂದು ಉದ್ದ ಮೇಜು, ಮೂರ್ನಾಲ್ಕು ಹೆಂಗಸರು. ಆಪಾ ನನ್ನ ಜೊತೆ ಕನ್ನಡ ಆಡುತ್ತಿದ್ದರು, ಗಿರಾಕಿಗಳ ಜೊತೆ ದಖ್ಖನಿ ಉರ್ದು, ಬೈಯುವಾಗ ಎರಡೂ. ಬಡ್ತಿಯ ವಿಷಯ ಕೇಳುತ್ತೀರಾದರೆ, ಆಪಾ ಅವರ ಕಣ್ಣು ಕೈಕೊಟ್ಟ ಮೇಲೆ ಕೆಲಸ ನನ್ನ ಕೈಗೆ ಬಂತು. ಬಾಡಿಗೆ ಹೆಚ್ಚಾಯಿತೆಂದು ನಾನು ಅದನ್ನು ಕೆಳಗಿಳಿಸಿ ನಮ್ಮ ಮನೆಯ ಪಡಸಾಲೆಗೆ ತಂದೆ. ಮೇಲಿನ ಮಹಡಿಯಿಂದ ಕೆಳಗಿನ ಮಹಡಿಗೆ ಬಂದದ್ದೇ ನನ್ನ ಬಡ್ತಿ.

ಆಪಾ ಅವರದು ಎರಡು ಹಟ. ಒಂದು, ಕಾರ್ಡಿನ ಹಿಂಬದಿ. ನಮ್ಮಲ್ಲಿ ಅದಕ್ಕೆ ಬೆನ್ನು ಎನ್ನುತ್ತಿದ್ದೆವು. ಇಡೀ ದಿನ ಕೂತು ನವಿಲಿನ ಒಂದೊಂದು ಗರಿ ಬಿಡಿಸಿ ತೋರಿಸಿದರೆ ಆಪಾ ನವಿಲಿನ ಕಡೆ ನೋಡುತ್ತಲೇ ಇರಲಿಲ್ಲ. ಮೊದಲು ಕಾರ್ಡನ್ನು ಮಗುಚಿ ಹಿಡಿಯುವರು. ಅಲ್ಲಿ ಅಂಟಿನ ಕಲೆ, ಪೆನ್ಸಿಲ್ ಗೀಟು, ಬೆರಳಿನ ಗುರುತು ಏನೇ ಇದ್ದರೂ ಕಾರ್ಡು ಪಕ್ಕಕ್ಕೆ ಬೀಳುತ್ತಿತ್ತು.

"ಮುಖಕ್ಕ ಪೌಡರ್ ಯಾರರ ಹಚ್ಚತಾರ, ಸುಮಂಗಲಾ. ಬೆನ್ನು ತೋರ್ಸು ಮೊದಲ," ಎನ್ನುತ್ತಿದ್ದರು.

"ಬೆನ್ನು ಯಾರು ನೋಡ್ತಾರ ಆಪಾ?"

"ಮೈ ದೇಖತೀ ನಾ! ನಾ ನೋಡ್ತೀನಿ. ಸಾಕಲ್ಲ?"

ನನಗೆ ಸಿಟ್ಟು ಬರುತ್ತಿತ್ತು. ಆದರೂ ಕೈ ತೊಳೆದು ಒರೆಸಿಕೊಂಡು ಕಾಗದ ಮುಟ್ಟುವ ಅಭ್ಯಾಸ ಆಗ ಬಿದ್ದದ್ದು ಇವತ್ತಿಗೂ ಹೋಗಿಲ್ಲ. ಅಡುಗೆಮನೆಯಲ್ಲಿ ಹಪ್ಪಳ ಮುಟ್ಟುವುದಕ್ಕೂ ಮೊದಲು ಕೈ ಒರೆಸಿಕೊಳ್ಳುತ್ತೇನೆ.

ಎರಡನೆಯ ಹಟ ಇನ್ನೂ ವಿಚಿತ್ರದ್ದು. ಹತ್ತಿರದ ಗಿರಾಕಿಗಳಿಗೆ ಕಾರ್ಡನ್ನು ನಾವೇ ಮನೆಗೆ ಮುಟ್ಟಿಸಬೇಕು, ಕೆಲವು ವಾರ ಬಿಟ್ಟು ಏನಾದರೂ ನೆಪ ಮಾಡಿಕೊಂಡು ಮತ್ತೆ ಹೋಗಬೇಕು, ಕಾರ್ಡನ್ನು ಎಲ್ಲಿಟ್ಟಿದ್ದಾರೆ ಎಂದು ನೋಡಿಕೊಂಡು ಬಂದು ಹೇಳಬೇಕು. ಬಾಗಲಕೋಟೆ ಕಡೆಯ ಮನೆತನದಲ್ಲಿ ಬೆಳೆದ ನನಗೆ ಹೀಗೆ ಇನ್ನೊಬ್ಬರ ಮನೆಯ ಗೋಡೆ ಇಣುಕಿ ನೋಡುವುದೆಂದರೆ ಮೈ ಹಿಡಿಯಾಗುತ್ತಿತ್ತು. ಆದರೆ ನೋಡುತ್ತ ನೋಡುತ್ತ ಅದರ ರುಚಿ ಹತ್ತಿತು. ಚಹಾ ಕೊಡುವವರೆಗೆ ಕೂತು ಕಣ್ಣಾಡಿಸುವುದನ್ನು ಕಲಿತೆ.

ಏನೇನು ನೋಡಿದೆ ಎಂದರೆ, ಕಾರ್ಡು ಮಾಡುವವರಿಗೆ ಎದೆ ಒಡೆಯುವಂಥದ್ದೇ ಹೆಚ್ಚು. ಕನ್ನಡಿಯ ಚೌಕಟ್ಟಿನ ಸಂದಿಯಲ್ಲಿ ಸಿಕ್ಕಿಸಿ ಅದರ ಮೇಲೆ ಬಿಂದಿ ಅಂಟಿಸಿಡುವವರು. ಸ್ವಿಚ್‌ಬೋರ್ಡಿನ ಹಿಂದೆ ತುರುಕಿ ಮೇಲೆ ಹಾಲಿನವನ ಫೋನ್ ನಂಬರು ಬರೆದವರು. ಮೇಜಿನ ಗಾಜಿನ ಕೆಳಗೆ ಇಟ್ಟವರು ಬಹಳ ಜನ. ಮಳೆಗಾಲದಲ್ಲಿ ತೇವ ಆಡಿ ಬಣ್ಣ ಗಾಜಿಗೆ ಹತ್ತಿಕೊಳ್ಳುತ್ತದೆ, ಎತ್ತಿದರೆ ನನ್ನ ಗುಲಾಬಿ ಗಾಜಿನ ಮೇಲೆ, ಖಾಲಿ ಕಾಗದ ಅವರ ಕೈಯಲ್ಲಿ. ಎಲ್ಲಕ್ಕಿಂತ ದೊಡ್ಡ ಶತ್ರು ಲ್ಯಾಮಿನೇಷನ್. ತಾರ್ನಾಕದ ಒಬ್ಬ ಟೀಚರಮ್ಮ ನನ್ನ ಕಾರ್ಡನ್ನು ಅಷ್ಟು ಪ್ರೀತಿಯಿಂದ ಲ್ಯಾಮಿನೇಟ್ ಮಾಡಿಸಿ ತಂದು ತೋರಿಸಿದರು. ನಾನು ಕಾಗದ ಕತ್ತರಿಸಿ ಎಬ್ಬಿಸಿ ನಿಲ್ಲಿಸಿದ್ದ ದಾಸವಾಳದ ಎಸಳುಗಳು ರಸ್ತೆಯಲ್ಲಿ ಬಸ್ಸು ಹತ್ತಿಸಿದಂತೆ ಚಪ್ಪಟೆಯಾಗಿದ್ದವು. "ಇನ್ನ ಎಂದೂ ಹಾಳಾಗಂಗಿಲ್ಲ ನೋಡ್ರಿ!" ಎಂದರು. ಆಗಬೇಕಾದದ್ದೆಲ್ಲ ಆಗಿಹೋಗಿತ್ತು, ಹೂಂ ಎಂದೆ.

ನಾನು ಮಾಡಿದ ದೊಡ್ಡ ಅವಾಂತರವೆಂದರೆ ದೇವರ ಕಾರ್ಡು. ಒಂದು ದೀಪಾವಳಿಗೆ ಗಣಪತಿ, ಲಕ್ಷ್ಮಿ, ಬಾಲಕೃಷ್ಣ ಎಂದು ಹಗಲೂ ರಾತ್ರಿ ಬಿಡಿಸಿದೆ. ಬಿಸಿ ಮಿರ್ಚಿಯಂತೆ ಖರ್ಚಾದವು. ನಾನು ಉಬ್ಬಿಹೋದೆ. ಆಪಾ ಮಾತ್ರ ಎಂದಿನಂತೆ, "ಹೋಗಿ ನೋಡ್ಕೊಂಡ ಬಾ," ಎಂದರು. ಹೋಗಿ ನೋಡಿದರೆ ಒಬ್ಬರೂ ಆ ಕಾರ್ಡನ್ನು ಯಾರಿಗೂ ಕಳಿಸಿರಲಿಲ್ಲ. ಎಲ್ಲವೂ ದೇವರ ಕೋಣೆಯಲ್ಲಿ ಸಾಲಾಗಿ ನಿಂತು ಅರಿಶಿನ ಕುಂಕುಮ ಹಚ್ಚಿಸಿಕೊಂಡಿದ್ದವು. ದೇವರ ಮುಖದ ಮೇಲೆ ಅಂಚೆಯವರು ಮುದ್ರೆ ಕುಟ್ಟುತ್ತಾರೆ, ಆಮೇಲೆ ಅಲ್ಲಿ ಯಾರೋ ಕಸದ ಬುಟ್ಟಿಗೆ ಹಾಕುತ್ತಾರೆ, ಆ ಪಾಪ ಯಾರಿಗೆ ಬೇಕು ಎಂಬುದು ಎಲ್ಲರ ಮಾತು. ಕಳಿಸುವ ಹಾಗಿಲ್ಲ, ಬಿಸಾಡುವ ಹಾಗೂ ಇಲ್ಲ. ಮುಂದಿನ ವರ್ಷ ಆ ಮನೆಗಳಲ್ಲೊಂದರ ಯಜಮಾನಿ ಹಳೆಯ ಕಾರ್ಡುಗಳನ್ನೆಲ್ಲ ಒಂದು ಚೀಲದಲ್ಲಿ ಹಾಕಿ ನನ್ನ ಕೈಗೇ ಕೊಟ್ಟರು.

"ನೀವ ಮಾಡಿದ್ದು, ನೀವ ವಿಸರ್ಜನೆ ಮಾಡ್ರಿ. ನಮಗ ಯಾಕ ಬೇಕ್ರಿ ಆ ಪೀಡೆ?"

ಆ ಚೀಲ ಹೊತ್ತುಕೊಂಡು ಹೋಗಿ ಗುಡಿಯ ಅರಳಿಕಟ್ಟೆಯ ಮೇಲೆ, ಒಡೆದ ದೇವರ ಫೋಟೋಗಳ ಪಕ್ಕದಲ್ಲಿ ಇಟ್ಟು ಕೈ ಮುಗಿದು ಬಂದೆ. ಆಪಾ ನಕ್ಕು ನಕ್ಕು ಕಣ್ಣು ಒರೆಸಿಕೊಂಡರು. ಅಂದಿನಿಂದ ದೀಪ ಬಿಡಿಸಿದೆ, ಹೂ ಬಿಡಿಸಿದೆ, ದೇವರನ್ನು ಬಿಡಿಸಲಿಲ್ಲ.

ಜೀಡಿಮೆಟ್ಲಾದ ಒಂದು ಔಷಧಿ ಕಾರ್ಖಾನೆಯಿಂದ ಒಮ್ಮೆ ದೊಡ್ಡ ಆರ್ಡರ್ ಬಂದಿತ್ತು. ಕಾರ್ಖಾನೆಯ ವಾರ್ಷಿಕೋತ್ಸವಕ್ಕೆ ಎಲ್ಲ ನೌಕರರಿಗೂ ಒಂದೊಂದು ಬೇವಿನ ಮರದ ಕಾರ್ಡು. ನೋಡಿ ಬರಲು ಹೋದೆ. ಆ ವಾಸನೆಯಲ್ಲಿ ಮೂಗು ಮುಚ್ಚಿಕೊಂಡೇ ಒಳಗೆ ಕಾಲಿಟ್ಟೆ. ಮ್ಯಾನೇಜರು ತಮ್ಮ ಕಾರ್ಡನ್ನು ಕಪಾಟಿನಲ್ಲಿ ಬೆಳ್ಳಿ ಕಪ್ಪುಗಳ ನಡುವೆ ಇಟ್ಟಿದ್ದರು. ಚೆನ್ನಾಗಿತ್ತು. ಗೇಟಿನ ಕಾವಲುಗಾರನನ್ನು ಕೇಳಿದೆ, "ನಿನ್ನದೆಲ್ಲಪ್ಪಾ?" ಅವನು ತಲೆಯ ಮೇಲಿನ ಟೋಪಿ ತೆಗೆದು ಒಳಗೆ ತೋರಿಸಿದ. ಟೋಪಿಯ ಮುಂಭಾಗ ನೆಟ್ಟಗೆ ನಿಲ್ಲಲೆಂದು ನನ್ನ ಬೇವಿನ ಮರವನ್ನು ಬಗ್ಗಿಸಿ ಒಳಗೆ ಸೇರಿಸಿದ್ದ. "ಗಟ್ಟಿ ಕಾಗಿತಂ ಮೇಡಂ," ಎಂದು ಹೊಗಳಿದ, ಕಾಗದ ಗಟ್ಟಿಯಾಗಿದೆಯಂತೆ. ಚಿತ್ರದ ಬಗ್ಗೆ ಚಕಾರ ಎತ್ತಲಿಲ್ಲ. ಮ್ಯಾನೇಜರ ಕಪಾಟಿನಲ್ಲಿದ್ದದ್ದು ಧೂಳು ಹಿಡಿದಿತ್ತು, ಇವನದು ಬೆವರು ಹಿಡಿದಿತ್ತು, ಎಂದು ಆಪಾಗೆ ವರದಿ ಒಪ್ಪಿಸಿದೆ.

ವರ್ಷ ಕಳೆದಂತೆ ಕೆಲಸದ ರೀತಿ ಬದಲಾಯಿತು. ಮೊದಲು ಮೈದಾ ಕುದಿಸಿ, ಜಿರಳೆ ತಿನ್ನದಿರಲೆಂದು ಚಿಟಿಕೆ ಮೈಲುತುತ್ತ ಬೆರೆಸಿ ಅಂಟು ಮಾಡುತ್ತಿದ್ದೆವು. ಆಮೇಲೆ ಡಬ್ಬಿಯ ಅಂಟು ಬಂತು. ಮಡಿಸುವ ಕಾರ್ಡುಗಳ ಮಡಿಕೆಯನ್ನು ಸವೆದ ಹಲ್ಲುಜ್ಜುವ ಬ್ರಷ್ಷಿನ ಹಿಡಿಯಿಂದ ತೀಡುತ್ತಿದ್ದೆವು. ಅದಕ್ಕೂ ಒಂದು ಯಂತ್ರ ಬಂತು. ಫೋನಿನಲ್ಲಿ ಆರ್ಡರ್ ಬರತೊಡಗಿದ ಮೇಲೆ ಮನೆಗೆ ಹೋಗಿ ಮುಟ್ಟಿಸುವುದು ನಿಂತಿತು. ಬೆನ್ನಿನ ಮೇಲೆ ಹೆಸರು, ಫೋನ್ ನಂಬರು, ಸ್ಕ್ಯಾನ್ ಮಾಡುವ ಚೌಕದ ಚೀಟಿ ಅಂಟಿಸಿ ಎಂದು ಎಲ್ಲರೂ ಬುದ್ಧಿ ಹೇಳಿದರು. ಆಪಾ ಅವರನ್ನು ನೆನೆದು ಮುಖ ಗಂಟು ಹಾಕಿಕೊಂಡೇ ಅಂಟಿಸಿದೆ. ಗಿರಾಕಿಗಳು ಕಾರ್ಡಿಟ್ಟ ಜಾಗದ ಫೋಟೋ ಕಳಿಸುತ್ತಾರೆ. ಆ ಫೋಟೋಗಳನ್ನು ನಂಬಬೇಡಿ. ಫೋಟೋ ತೆಗೆಯುವ ಮೊದಲು ಎಲ್ಲರೂ ಮನೆ ಗುಡಿಸುತ್ತಾರೆ. ಪಕ್ಕದಲ್ಲಿ ಒಂದು ಹೂದಾನಿ ತಂದಿಡುತ್ತಾರೆ. ಮರುದಿನ ಅಲ್ಲಿ ಏನಿರುತ್ತದೆ ಎಂದು ಹೋಗಿ ನೋಡಿದವರಿಗೇ ಗೊತ್ತು.

ಅಶ್ವಿನಿಯೂ ಅಂಥ ಒಬ್ಬ ಗಿರಾಕಿಯೆಂದು ತಿಳಿದಿದ್ದೆ. ಮೈಸೂರಿನ ಹುಡುಗಿ, ಐಟಿ ಕೆಲಸ. ಒಂದು ಪ್ರದರ್ಶನದ ಮಳಿಗೆಯಲ್ಲಿ ಮನೆ ಸಾಮಾನಿನ ಕಾರ್ಡುಗಳ ಒಂದು ಕಟ್ಟು ಕೊಂಡಿದ್ದಳು. ನೀರಿನ ಲೋಟ, ಚಹಾದ ಕಪ್ಪು, ತಂಬಿಗೆ, ಫ್ಯಾನು, ಕಿಟಕಿ, ಮಲ್ಲಿಗೆ ಹೂ, ಹೊದಿಕೆ, ಮಾತ್ರೆಯ ಡಬ್ಬಿ, ಹೀಗೆ. ಕೆಲವು ವಾರದ ಮೇಲೆ ಫೋನ್ ಬಂತು.

"ಆಂಟಿ, ಆ ಲೋಟದ ಕಾರ್ಡ್ ಮಾತ್ರ ಸವೆದುಹೋಗಿದೆ. ಅದೊಂದು ಇನ್ನೊಂದ್ಸಲ ಮಾಡ್ಕೊಡ್ತೀರಾ?"

ಕಾರ್ಡು ಹರಿದದ್ದು ಕೇಳಿದ್ದೇನೆ, ಒದ್ದೆಯಾದದ್ದು, ಇಲಿ ತಿಂದದ್ದು ಕೇಳಿದ್ದೇನೆ. ಸವೆದದ್ದು ಕೇಳಿರಲಿಲ್ಲ. ನೋಡಲೇಬೇಕೆನಿಸಿ, ಹೊಸ ಕಾರ್ಡು ಮಾಡಿಕೊಂಡು, ಮೆಟ್ರೋ ಹಿಡಿದು, ಅಮೀರ್‌ಪೇಟೆಯಲ್ಲಿ ಬದಲಿಸಿ ಕೂಕಟ್‌ಪಲ್ಲಿಗೆ ಹೋದೆ.

ಕಾರ್ಡುಗಳು ಅವರ ಪಡಸಾಲೆಯಲ್ಲಿ ಇರಲಿಲ್ಲ. ಅಶ್ವಿನಿ ನನ್ನನ್ನು ಒಳಗಿನ ಕೋಣೆಗೆ ಕರೆದುಕೊಂಡು ಹೋದಳು. ಮಂಚದ ಮೇಲೆ ಅವಳ ಅತ್ತೆ ಕಮಲಾಬಾಯಿ, ದಿಂಬಿಗೆ ಒರಗಿ ಕೂತಿದ್ದರು. ಲಕ್ವಾ ಹೊಡೆದು ಬಲಗೈ, ಬಲಗಾಲು ಬಿದ್ದುಹೋಗಿದ್ದವು, ಮಾತು ಪೂರ್ತಿ ನಿಂತಿತ್ತು. ಎಡಗಡೆಯ ಗೋಡೆಗೆ, ಅವರ ಎಡಗೈಗೆ ಎಟಕುವಂತೆ ಒಂದು ಸಣ್ಣ ಕಟ್ಟಿಗೆಯ ಪಟ್ಟಿ ಬಡಿದಿತ್ತು. ಅದರ ಮೇಲೆ ನನ್ನ ಕಾರ್ಡುಗಳು ಗೋಡೆಗೆ ಒರಗಿ ಸಾಲಾಗಿ ನಿಂತಿದ್ದವು. ಕೆಲವಕ್ಕೆ ಅನ್ನದ ಕಲೆ, ಕೆಲವಕ್ಕೆ ಎಣ್ಣೆ ಬೆರಳು. ಲೋಟದ ಕಾರ್ಡಿನಲ್ಲಿ ಲೋಟವೇ ಮಾಯವಾಗಿ ಬಿಳಿ ಚುಕ್ಕೆ ಉಳಿದಿತ್ತು.

"ಅತ್ತೆಗೆ ಏನಾದ್ರೂ ಬೇಕಾದ್ರೆ ಅದರ ಮೇಲೆ ಬೆರಳಲ್ಲಿ ತಟ್ತಾರೆ ಆಂಟಿ. ಸುಮ್ನೆ ಚೆನ್ನಾಗಿದೆ ಅಂತ ಇಟ್ಟಿದ್ದೆ. ಒಂದಿನ ಅವರೇ ಲೋಟ ತಟ್ಟಿ ತೋರಿಸಿದ್ರು," ಎಂದಳು ಅಶ್ವಿನಿ.

ಹೊಸ ಲೋಟದ ಕಾರ್ಡನ್ನು ಕಮಲಾಬಾಯಿಯವರ ಎಡಗೈಗೆ ಕೊಟ್ಟೆ. ಅವರು ಕಣ್ಣಿನ ಹತ್ತಿರ ತಂದು ನೋಡಿ, ತೊಡೆಯ ಮೇಲಿಟ್ಟು, ತಕ್ಷಣ ಅದರ ಮೇಲೆ ತಟ್ಟಿ ನನ್ನ ಕಡೆ ಬೆರಳು ತೋರಿಸಿದರು. ಬಿಸಿಲಲ್ಲಿ ಬಂದವಳಿಗೆ ನೀರು ಕೊಡಿ ಎಂದು. ಅಶ್ವಿನಿ ತಂದ ನೀರನ್ನು ಲೋಟ ಖಾಲಿಯಾಗುವವರೆಗೆ ಕುಡಿದೆ.

ಆಮೇಲೆ ನಾನು ಆ ಮನೆಗೆ ಆಗಾಗ ಹೋಗತೊಡಗಿದೆ. ಹೋದಾಗಲೆಲ್ಲ ನನ್ನ ಕಸುಬಿನ ತಪ್ಪುಗಳು ಒಂದೊಂದೇ ಕಣ್ಣಿಗೆ ಬಿದ್ದವು. ತಂಬಿಗೆಯ ಕಾರ್ಡನ್ನು ಅವರು ತಟ್ಟುತ್ತಿದ್ದರು, ಆರೈಕೆಗೆ ಬರುತ್ತಿದ್ದ ಯಾದಮ್ಮ ನೀರು ತಂದುಕೊಡುತ್ತಿದ್ದಳು, ಇವರು ಕೈಯಿಂದ ತಳ್ಳುತ್ತಿದ್ದರು. ಮತ್ತೆ ತಟ್ಟುವುದು, ಮತ್ತೆ ನೀರು, ಮತ್ತೆ ತಳ್ಳುವುದು. "ಅಮ್ಮಕು ಕೋಪಂ ಎಕ್ಕುವ," ಎಂದು ಯಾದಮ್ಮ ನನ್ನ ಹತ್ತಿರ ದೂರಿದಳು, ಅಮ್ಮನಿಗೆ ಸಿಟ್ಟು ಜಾಸ್ತಿಯಂತೆ. ಕಾರ್ಡು ಕೈಗೆ ತೆಗೆದುಕೊಂಡು ನೋಡಿದೆ. ಬರೀ ತಂಬಿಗೆ ಬೋಳಾಗಿ ಕಂಡೀತೆಂದು ನಾನು ಅದರ ಹೊಟ್ಟೆಗೆ ಕುಂಕುಮದ ಬೊಟ್ಟು ಇಟ್ಟು ಎರಡು ವೀಳ್ಯದೆಲೆ ಸಿಕ್ಕಿಸಿದ್ದೆ. ಅವರ ಕಣ್ಣಿಗೆ ಅದು ಪೂಜೆಯ ಕಲಶ. ದೀಪ ಹಚ್ಚಿ ಎಂದು ಅವರು ದಿನಾ ಕೇಳುತ್ತಿದ್ದರು, ಯಾದಮ್ಮ ದಿನಾ ನೀರು ತರುತ್ತಿದ್ದಳು. ಇಷ್ಟು ವರ್ಷ ನನ್ನನ್ನು ಸಾಕಿದ್ದೇ ಈ ಅಲಂಕಾರ. ಆ ಮನೆಗೆ ಮಾಡಿದ ಕಾರ್ಡುಗಳಲ್ಲಿ ಅದನ್ನೆಲ್ಲ ಕಿತ್ತುಹಾಕಿದೆ. ಬೆನ್ನಿನ ಚೀಟಿಯನ್ನೂ ಅಂಟಿಸಲಿಲ್ಲ. ಆ ಮನೆಯಲ್ಲಿ ಯಾರು ಸ್ಕ್ಯಾನ್ ಮಾಡಬೇಕಿತ್ತು?

ಆದರೆ ಒಂದು ಕಾರ್ಡು ಮಾತ್ರ ನನಗೆ ಮಾಡಲಾಗಲಿಲ್ಲ. "ಬೇಡ" ಎನ್ನುವ ಕಾರ್ಡು.

ಕಮಲಾಬಾಯಿ ಏನು ಕೇಳಿದರೂ ತಲೆ ಆಡಿಸುತ್ತಿದ್ದರು. ನೀರು ಬೇಕಾ ಎಂದರೂ ಹೂಂ, ಬೇಡವಾ ಎಂದರೂ ಹೂಂ. ತಲೆ ಅವರ ಮಾತು ಕೇಳುತ್ತಿರಲಿಲ್ಲ. ಎಷ್ಟು ಅರ್ಥವಾಗುತ್ತದೆಂದು ಹೇಳುವುದು ಕಷ್ಟ ಎಂದು ಡಾಕ್ಟರೂ ಹೇಳಿದ್ದರಂತೆ. ಮನೆಯವರು ಪಾಪ, ಬರೀ ಲೋಟ, ಹೊದಿಕೆಯಷ್ಟೇ ತಿಳಿಯುತ್ತದೆ, ಉಳಿದದ್ದೆಲ್ಲ ಹೋಗಿದೆ ಎಂದು ನಂಬಿದ್ದರು. ನಾನು ಮೊದಲು ಅಡ್ಡ ಹಿಡಿದ ಅಂಗೈ ಬಿಡಿಸಿ ತಂದೆ, ನಿಲ್ಲಿ ಎನ್ನುವ ಹಾಗೆ. ಕಮಲಾಬಾಯಿ ಅದನ್ನು ನೋಡಿ ದೇವರ ಅಭಯಹಸ್ತವೆಂದು ಎಡಗೈಯನ್ನು ಹಣೆಗೆ ಮುಟ್ಟಿಸಿ ನಮಸ್ಕಾರ ಮಾಡಿದರು. ಮುಚ್ಚಿದ ಬಾಗಿಲು ಬಿಡಿಸಿದೆ. ಅವರು ಅದನ್ನು ತಟ್ಟಿದಾಗ ಯಾದಮ್ಮ ಹೋಗಿ ಬಾಗಿಲು ತೆರೆದು ಹೊರಗೆ ಯಾರೂ ಇಲ್ಲವೆಂದು ಬಂದಳು. ಅಶ್ವಿನಿ ಹೇಳಿದಳೆಂದು ಕೆಂಪು ಬಣ್ಣದಲ್ಲಿ ಒಂದಕ್ಕೊಂದು ಅಡ್ಡವಾಗಿ ಎರಡು ಗೀಟು ಎಳೆದು ತಂದೆ. ಆಸ್ಪತ್ರೆಯ ಗುರುತೆಂದು ತಿಳಿದರೋ ಏನೋ, ಅದನ್ನು ಕಂಡರೆ ಮುಖ ತಿರುಗಿಸಿ ಅಳತೊಡಗಿದರು. ಮೂರನ್ನೂ ಚೀಲಕ್ಕೆ ಹಾಕಿಕೊಂಡು ತಲೆ ತಗ್ಗಿಸಿ ವಾಪಸು ಬಂದೆ. ಜಗತ್ತಿನ ಹೂ, ಹಣ್ಣು, ಹಕ್ಕಿ ಎಲ್ಲ ಬಿಡಿಸಿದವಳಿಗೆ ಒಂದು ಬೇಡ ಬಿಡಿಸಲು ಬರಲಿಲ್ಲ.

ಆ ಹೊತ್ತಿಗೆ ಹೆಬ್ಬೆರಳು ಪೂರ್ತಿ ಹಟ ಹಿಡಿದಿತ್ತು. ಕೆಲಸ ನಿಲ್ಲಿಸುತ್ತೇನೆಂದು ಎಲ್ಲರಿಗೂ ಹೇಳಿಬಿಟ್ಟಿದ್ದೆ. ಆಗ ಅಶ್ವಿನಿಯ ಫೋನು ಬಂತು.

"ಆಂಟಿ, ಕೊನೇದಾಗಿ ಒಂದು ಕಾರ್ಡ್ ಮಾಡ್ಕೊಡಿ. ಟ್ರೈನಿಂದು. ಅತ್ತೇನ ಪುಣೆಗೆ ಭಾವನ ಮನೆಗೆ ಕಳಿಸ್ತಿದೀವಿ. ಅಲ್ಲಿ ಕೆಳಗಿನ ಮನೆ, ದಿನವೆಲ್ಲಾ ಜನ ಇರ್ತಾರೆ. ಇಲ್ಲಿ ನಾವಿಬ್ರೂ ಆಫೀಸಿಗೆ ಹೋದ್ರೆ ಯಾದಮ್ಮ ಒಬ್ಬಳೇ. ಮೊದ್ಲೇ ತೋರಿಸಿದ್ರೆ ಮನಸ್ಸು ಸಿದ್ಧ ಆಗುತ್ತೆ ಅಂತ."

"ಅವರನ್ನ ಕೇಳೀರೇನವಾ?"

"ಇವರು ಕೇಳಿದಾರೆ ಆಂಟಿ. ಹೂಂ ಅಂದ್ರಂತೆ."

ನನಗೆ ಆ ಹೂಂ ಎಂಥದೆಂದು ಗೊತ್ತಿತ್ತು. ಅಶ್ವಿನಿಗೂ ಗೊತ್ತಿತ್ತು. ಆದರೂ ಯಾವತ್ತಿಗೆ ಬೇಕು ಎಂದು ನಾನು ಕೇಳಿದೆ, ಭಾನುವಾರಕ್ಕೆ ಎಂದು ಅವಳು ಹೇಳಿದಳು. ಆ ಗಂಡಹೆಂಡತಿ ಕೆಟ್ಟವರಲ್ಲ. ದಣಿದಿದ್ದರು, ಹೂಂ ಅವರಿಗೆ ಬೇಕಾಗಿತ್ತು. ಬೇರೆಯವರ ಮನೆಯ ವಿಷಯ, ನಾನು ಯಾರು ಹೇಳುವುದಕ್ಕೆ ಎಂದು ನಾನೂ ಸಮಾಧಾನ ಮಾಡಿಕೊಂಡೆ.

ಕೊನೆಯ ಕಾರ್ಡಲ್ಲವೇ, ಇದ್ದಬದ್ದ ಕಸುವನ್ನೆಲ್ಲ ಅದಕ್ಕೆ ಹಾಕಿದೆ. ಬೆರಳಿಗೆ ಬಿಸಿನೀರಿನ ಶಾಖ ಕೊಟ್ಟುಕೊಂಡು, ಹೊತ್ತು ಹೊತ್ತಿಗೆ ಅಷ್ಟಷ್ಟೇ ಬಿಡಿಸಿದೆ. ಬೆಟ್ಟದ ತಿರುವಿನಲ್ಲಿ ಬಳುಕಿ ಬರುವ ರೈಲು, ಸಂಜೆಯ ಬೆಳಕು, ಕಿಟಕಿ ಕಿಟಕಿಯಲ್ಲೂ ಸಾಸಿವೆಕಾಳಿನಷ್ಟು ಮುಖಗಳು. ಹೈದರಾಬಾದಿನಿಂದ ಪುಣೆಗೆ ಹೋಗುವಾಗ ಅಂಥ ಬೆಟ್ಟ ಸಿಗುವುದಿಲ್ಲವೆಂದು ಆಮೇಲೆ ಒಬ್ಬರು ಹೇಳಿದರು, ಇರಲಿ. ನನ್ನ ಕೈಯಿಂದ ಅಷ್ಟು ಚೆನ್ನಾಗಿ ಇನ್ನೊಂದು ಬಂದಿಲ್ಲ. ಮುಗಿದ ಮೇಲೆ ಅಭ್ಯಾಸಬಲದಿಂದ ಮಗುಚಿ ನೋಡಿದೆ. ಬೆನ್ನು ಹಾಲಿನಂತೆ ಬೆಳ್ಳಗಿತ್ತು.

ಭಾನುವಾರ ಕೂಕಟ್‌ಪಲ್ಲಿಗೆ ಹೋದೆ. ಕಮಲಾಬಾಯಿಯವರ ಮಗ ರಾಘು ಮನೆಯಲ್ಲಿದ್ದ. ಕಾರ್ಡನ್ನು ನೋಡಿ, "ಭಾಳ ಛಲೋ ಆಗೇತಿ ಕಾಕು," ಎಂದು ಅವನೇ ಪಟ್ಟಿಯ ಮೇಲೆ ನಡುವೆ ನಿಲ್ಲಿಸಿದ. ತಾಯಿಯ ಪಕ್ಕದಲ್ಲಿ ಕೂತು ಕೈ ಹಿಡಿದುಕೊಂಡ.

"ಅವ್ವಾ, ನೋಡು. ಪುಣೆಕ್ಕ ಅಣ್ಣನ ಮನಿಗೆ ಹೋಗೋದು. ರೈಲಿನ್ಯಾಗ. ಆತಿಲ್ಲ?"

ಕಮಲಾಬಾಯಿ ತಲೆ ಆಡಿಸಿದರು. ರಾಘು ನನ್ನ ಕಡೆ ನೋಡಿ, "ನೋಡ್ರಿ, ಹೂಂ ಅಂತಾಳ," ಎಂದ.

ಅವರು ಮಗನ ಕೈಯಿಂದ ತಮ್ಮ ಎಡಗೈ ಬಿಡಿಸಿಕೊಂಡರು. ಕಾರ್ಡನ್ನು ತೆಗೆದುಕೊಂಡು ಬಹಳ ಹೊತ್ತು ನೋಡಿದರು. ಆಮೇಲೆ ಅದನ್ನು ಮಗುಚಿ, ರೈಲು ಗೋಡೆಯ ಕಡೆಗೆ, ಬಿಳಿ ಬೆನ್ನು ನಮ್ಮ ಕಡೆಗೆ ಬರುವಂತೆ ಪಟ್ಟಿಯ ಮೇಲೆ ಇಟ್ಟರು.

"ಕೈ ತಪ್ಪಿ ಹಂಗಾತು," ಎಂದು ರಾಘು ಅದನ್ನು ಮತ್ತೆ ಸರಿಯಾಗಿ ತಿರುಗಿಸಿದ. ಕಮಲಾಬಾಯಿ ಮತ್ತೆ ಮಗುಚಿದರು. ಈ ಸಲ ಅದರ ಮೇಲಿನಿಂದ ಕೈ ತೆಗೆಯಲೇ ಇಲ್ಲ.

ಇದು ಕೈ ತಪ್ಪಿದ್ದಲ್ಲ. "ರಾಘು, ಬ್ಯಾರೆ ಏನರ ಕೇಳು," ಎಂದೆ.

ಬಾಗಿಲಲ್ಲಿ ನಿಂತಿದ್ದ ಅಶ್ವಿನಿ ಮುಂದೆ ಬಂದಳು. "ಇರಿ, ನಾನ್ ಕೇಳ್ತೀನಿ. ಅತ್ತೆ, ಟೀ ಬೇಕಾ?" ಆಗಷ್ಟೇ ಚಹಾ ಕುಡಿದಿದ್ದರು. ತಲೆ ಹೂಂ ಎಂದಿತು, ಕೈ ಚಹಾದ ಕಪ್ಪನ್ನು ಮಗುಚಿತು. "ಮಾತ್ರೆ?" ಮಾತ್ರೆಯ ಡಬ್ಬಿಯನ್ನು ಎಷ್ಟು ಜೋರಾಗಿ ಮಗುಚಿದರೆಂದರೆ ಅದು ಹಾಸಿಗೆಯ ಮೇಲೆ ಬಿತ್ತು. ಯಾದಮ್ಮ ಕಿಸಕ್ಕನೆ ನಕ್ಕಳು. "ಕಿಟಕಿ ತೆಗೀಲಾ ಅತ್ತೆ?" ಕಿಟಕಿಯ ಕಾರ್ಡನ್ನು ಮಗುಚಲಿಲ್ಲ, ತಟ್ಟಿದರು. ಅಶ್ವಿನಿ ಕಿಟಕಿ ತೆರೆದಳು. ಹೊರಗೆ ಮೆಟ್ರೋ ಹೋಗುವ ಸದ್ದು ಒಳಗೆ ಬಂತು. ಆಮೇಲೆ ಯಾರೂ ಕೇಳದೆಯೇ ಅವರು ಮಲ್ಲಿಗೆಯ ಕಾರ್ಡನ್ನು ತಟ್ಟಿ ಪಕ್ಕದ ಫ್ಲಾಟಿನ ಗೋಡೆಯ ಕಡೆ ಬೆರಳು ತೋರಿಸಿದರು. ಮಧ್ಯಾಹ್ನಗಳಲ್ಲಿ ಆ ಮನೆಯ ಸಾವಿತ್ರಮ್ಮ ಬಂದು ಅವರ ಹತ್ತಿರ ಕೂತು ಹೂ ಕಟ್ಟುತ್ತ ಊರಿನ ಸುದ್ದಿಯೆಲ್ಲ ಹೇಳುತ್ತಿದ್ದರು.

ರಾಘು ಎದ್ದು ರೈಲಿನ ಕಾರ್ಡನ್ನು ಇನ್ನೊಮ್ಮೆ ನೆಟ್ಟಗೆ ತಿರುಗಿಸಿ ನಿಲ್ಲಿಸಿದ. "ಅವ್ವಾ," ಎಂದ. ರೈಲಿನ ಮೇಲೆ ಬೆರಳಿಟ್ಟು ತೋರಿಸಿದ. ಅವರು ಮಗನ ಮುಖವನ್ನೇ ನೋಡುತ್ತ ನಿಧಾನವಾಗಿ ಕಾರ್ಡನ್ನು ಮಗುಚಿಟ್ಟರು.

ರಾಘು ಮಂಚದ ಪಕ್ಕದಲ್ಲಿ ನೆಲದ ಮೇಲೆ ಕೂತು ತಾಯಿಯ ತೊಡೆಗೆ ತಲೆ ಇಟ್ಟು ಅತ್ತುಬಿಟ್ಟ. "ನಾ ನಿನ್ನ ಕೇಳೇ ಇಲ್ಲಲ್ಲ ಅವ್ವಾ, ಕೇಳಿದಂಗ ಮಾಡೀನಿ ಅಷ್ಟ," ಎಂದ. ಕಮಲಾಬಾಯಿಯವರ ತಲೆ ಹೂಂ ಹೂಂ ಎಂದು ಆಡುತ್ತಲೇ ಇತ್ತು. ಅದಕ್ಕೆ ಅಳುತ್ತಲೇ ಅವನಿಗೆ ನಗು ಬಂತು, ಅಶ್ವಿನಿಗೂ ಬಂತು, ನಾನು ಚೀಲದಲ್ಲಿ ಕರವಸ್ತ್ರ ಹುಡುಕುತ್ತಿದ್ದೆ.

ಅಂದ ಹಾಗೆ ಹೇಳಿಬಿಡುತ್ತೇನೆ, ಆ ಉಪಾಯ ನನ್ನದಲ್ಲ. ನಾನು ಅಂಗೈ, ಬಾಗಿಲು, ಕೆಂಪು ಗೀಟು ಎಂದು ಬಣ್ಣ ಹಾಳು ಮಾಡಿದೆ. ಅವರು ಇದ್ದ ಕಾರ್ಡನ್ನೇ ಮಗುಚಿದರು.

ಪುಣೆಯ ಮಾತು ಅಲ್ಲಿಗೆ ನಿಂತಿತು. ಹೇಗೆ ಹೊಂದಿಸಿಕೊಂಡರು ಎಂಬುದು ಅವರ ಮನೆಯ ವಿಷಯ. ರಾಘು ಕೆಲವು ದಿನ ಮನೆಯಿಂದಲೇ ಕೆಲಸ ಮಾಡುತ್ತಾನೆ, ದೊಡ್ಡ ಮಗ ತಾನೇ ರೈಲು ಹತ್ತಿ ಬಂದು ಇದ್ದು ಹೋಗುತ್ತಾನೆ. ಈಗ ಆ ಮನೆಯಲ್ಲಿ ಏನು ಮಾಡುವುದಿದ್ದರೂ ಕಾರ್ಡು ಮುಂದಿಟ್ಟು ಕಮಲಾಬಾಯಿಯವರನ್ನು ಕೇಳುತ್ತಾರೆ. ಅವರು ಏನೂ ಕಮ್ಮಿ ಇಲ್ಲ. ಹೋದ ಸಲ ಅಶ್ವಿನಿ ಮಾಡಿದ ಉಪ್ಪಿಟ್ಟಿಗೆ ಕೇಳುವ ಮೊದಲೇ ತಟ್ಟೆಯ ಕಾರ್ಡನ್ನು ಮಗುಚಿಟ್ಟಿದ್ದರು.

ನಾನು ಕುಂಚ ಬಿಟ್ಟರೂ ನೋಡಿ ಬರುವುದನ್ನು ಬಿಟ್ಟಿಲ್ಲ. ಮೆಟ್ರೋ ಹಿಡಿದು ಹೋಗುತ್ತೇನೆ, ಚಹಾ ಬರುವವರೆಗೆ ಕೂತು ಪಟ್ಟಿಯ ಮೇಲೆ ಕಣ್ಣಾಡಿಸುತ್ತೇನೆ. ಉಳಿದ ಕಾರ್ಡುಗಳು ದಿನಕ್ಕೆ ಹತ್ತಾರು ಸಲ ತಿರುಗುತ್ತವೆ. ರೈಲಿನ ಕಾರ್ಡು ಮಾತ್ರ ಅಂದಿನಿಂದ ಹಾಗೇ ಇದೆ. ಮನೆಗೆ ಬಂದ ಸಂಬಂಧಿಕರು, ಯಾರೋ ತಪ್ಪಾಗಿ ಇಟ್ಟಿದ್ದಾರೆಂದು, ಅದನ್ನು ತಿರುಗಿಸಲು ಕೈ ಚಾಚುತ್ತಾರೆ. "ಮುಟ್ಟಬ್ಯಾಡ್ರಿ, ಅದು ಸರಿಯಾಗೇ ಐತಿ," ಎಂದು ನಾನೇ ಗದರಿಸುತ್ತೇನೆ.

ಕನ್ನಡಿಗೆ ಸಿಕ್ಕಿಸಿದ್ದಕ್ಕೆ, ಟೋಪಿಯೊಳಗೆ ಇಟ್ಟದ್ದಕ್ಕೆ, ಲ್ಯಾಮಿನೇಟ್ ಮಾಡಿಸಿದ್ದಕ್ಕೆ ಜೀವಮಾನವೆಲ್ಲ ಸಿಡಿಮಿಡಿಗೊಂಡವಳು ನಾನು. ನಾನು ಬಿಡಿಸಿದ್ದರಲ್ಲಿ ಎಲ್ಲಕ್ಕಿಂತ ಚೆನ್ನಾಗಿ ಬಂದ ಚಿತ್ರ ಕೂಕಟ್‌ಪಲ್ಲಿಯ ಆ ಕೋಣೆಯಲ್ಲಿ ಗೋಡೆಗೆ ಮುಖ ಮಾಡಿ ನಿಂತಿದೆ. ಅದು ಅಲ್ಲೇ, ಹಾಗೇ ಇರಲಿ.